ಮುನ್ನೂರಾ ಅರವತ್ಮೂರನೇ ದಿನ

ಹೆಸರ ಬ್ಯಾಡ, ರಾಯಬಾಗ ಸೀಮಿಯೊಳಗಿನ ಒಂದು ಸಕ್ಕರಿ ಫ್ಯಾಕ್ಟರಿ ಅಂತ ತಿಳ್ಕೋರಿ. ಅದರ ಗೇಟಿನ ಬಾಜೂಕ ಒಂದು ಕರೀ ಬೋರ್ಡ. ಮ್ಯಾಲ ‘ಅಪಘಾತ ಇಲ್ಲದ ದಿನಗಳು’ ಅಂತ ದೊಡ್ಡ ಅಕ್ಷರ, ಕೆಳಗ ಸಂಖ್ಯೆ. ದಿನಾ ಮುಂಜಾನೆ ಎಂಟರ ಭೋಂಗಾ ಕೂಗಿದ ಕೂಡಲೇ ಸೇಫ್ಟಿ ಆಫೀಸರ ಶುಭಾಂಗಿ ಬಂದು, ನಿನ್ನಿನ ಸಂಖ್ಯೆ ಒರಸಿ, ಒಂದು ಕೂಡಿಸಿ ಬರೀತಿದ್ದಳು. ಬೋರ್ಡಿನ ವಿಚಾರ ಆಕೀದ. ಮುನ್ನೂರಾ ಅರವತ್ತೈದು ತುಂಬಿದ್ರ ಪ್ರತಿಯೊಬ್ಬರಿಗೂ ಒಂದೊಂದು ಕುಕ್ಕರ ಅನ್ನೋ ಇನಾಮಿನ ವಿಚಾರಾನೂ ಆಕೀದ. ಕುಕ್ಕರ ಆಗಲೇ ಬಂದು ಗೋಡೌನಿನ್ಯಾಗ ಪೇರಿಸಿ ಕುಂತಿದ್ವು. ಹುಡುಗಿಗೆ ಹಿಗ್ಗು ಹೊಟ್ಟ್ಯಾಗ ಹಿಡೀತಿರಲಿಲ್ಲ.

ಅವತ್ತು ಮುನ್ನೂರಾ ಅರವತ್ಮೂರು ಬರದು, ಪಾಕ ಕುದಿಸೋ ಕಡೆ ಒಂದು ಸುತ್ತು ಹಾಕಾಕ ಹೋದಳು. ಅಲ್ಲಿ ಪಾಕದ ಹಂಡೆಗೆ ಪ್ಯಾನ್ ಅಂತಾರ, ಒಂದೊಂದು ಮನಿಯಷ್ಟು ದೊಡ್ಡದು. ಮೂರನೇ ಪ್ಯಾನ್ ನೋಡ್ಕೊಳ್ಳಾವ ಮಲಕಾರಿ ಕಾಕಾ, ಪಾಲಬಾವಿ ಊರಾಗ ಆಕೀ ಓಣಿಯವನ. ಸಣ್ಣಾಕಿದ್ದಾಗ ಸೈಕಲ್ ಮ್ಯಾಲ ಕುಂದರಿಸಿಕೊಂಡು ಸಾಲಿಗೆ ಬಿಟ್ಟಾವ. ಅವತ್ತು ಆ ಮನಷ್ಯಾ ಎಡಗೈಯಿಂದ ಹಾಜರಿ ಸಹಿ ಮಾಡಾಕತ್ತಿದ್ದ. ಬಲಗೈ ಟಾವೆಲ್ಲಿನ್ಯಾಗ ಸುತ್ತಿತ್ತು.

“ಕಾಕಾ, ಕೈ ತೋರಸ್ರಿ.”

“ಏನಿಲ್ಲ ಬಿಡ ತಂಗಿ, ಮನ್ಯಾಗ ಚಾ ಚೆಲ್ಲಿತು.”

“ಚಾ ಚೆಲ್ಲಿದ್ರ ಮೊಣಕೈ ತನಕ ಸುಡತೈತೇನ್ರಿ?”

ಅವನ ಮಾತಿಗೆ ಕಾಯದ ಟಾವೆಲ್ ಬಿಚ್ಚಿದಳು. ಅಯ್ಯೋ ಶಿವನ! ಚರ್ಮ ಸುಲಿದು ಹೋಗಿತ್ತು, ಮ್ಯಾಲ ಅರಿಷಿಣ ಮೆತ್ತಿದ್ದ. ದವಾಖಾನಿಗೆ ನಡೀರಿ ಅಂದ್ರ, ಪಾಳಿ ಮುಗೀಲಿ ಅಂದ. ನಿನ್ನೆ ಮಧ್ಯಾಹ್ನ ಮೂರನೇ ಪ್ಯಾನಿನ ವಾಲ್ವ್ ಸೋರಿ ಉಗಿ ಹೊಡದಿತ್ತಂತ.

“ಯಾಕ ಹೇಳಲಿಲ್ಲ?”

“ಹೇಳಿದ್ರ ನೀ ಸೊನ್ನೆ ಬರೀಬೇಕಾಗ್ತಿತ್ತಲ್ಲ! ಎಲ್ಲಾರ ಕುಕ್ಕರೂ ಹೋಗ್ತಿತ್ತು. ಮತ್ತ ಅದು ನಿನ್ನ ಬೋರ್ಡ, ತಂಗಿ. ನಮ್ಮ ಓಣಿ ಹುಡುಗಿ ಹೆಸರಿಗೆ ನಾನ ಮಸಿ ಬಳೀಲೇನ?”

ಪ್ರೀತಿಯಿಂದಾನ ಹೇಳಿದ. ಅದಕ್ಕ ಆಕೀಗೆ ಹೆಚ್ಚು ಚುಚ್ಚಿತು.

ವಾಲ್ವಿಗೆ ಗೋಣೀತಟ್ಟು ಸುತ್ತಿದ್ರು. ಅದರೊಳಗಿಂದ ಉಗಿ ಬುಸ್ ಅನ್ನಾಕತ್ತಿತ್ತು. ಪೂರಾ ಕಿತ್ತು ಹಾರಿದ್ರ ಮುಂದಿನವನ ಕೈ ಅಲ್ಲ, ಮಾರಿನ ಹೋಗೂದು. ಶುಭಾಂಗಿ ನೆಟ್ಟಗ ಮ್ಯಾನೇಜರ ಭೀಮಗೊಂಡ ಸಾಹೇಬರ ಖೋಲಿಗೆ ನಡದಳು.

ಭೀಮಗೊಂಡ ಸಾಹೇಬರು ಕೆಟ್ಟ ಮನಷ್ಯಾ ಏನಲ್ಲ. ಮಂದಿಗೆ ಹೆಸರ ಹಿಡದು ಮಾತಾಡಸಾವ್ರು. ಆದ್ರ ಎಲ್ಲಾನೂ ‘ನಾಳೆ ನೋಡೂಣು’ ಅನ್ನೋ ಜಾತಿ.

“ಎರಡ ದಿನಾ ತಡಿಯವ್ವಾ,” ಅಂದ್ರು. “ಪುಣೆದಿಂದ ದೊಡ್ಡ ಸಾಹೇಬ್ರು ನಿನಗ ಶಾಲು ಹೊಚ್ಚಾಕಂತನ ಬರಾಕತ್ತಾರ. ಪ್ಯಾನ್ ನಿಲ್ಲಸಬೇಕಂದ್ರ ಅಪಘಾತದ ರಿಪೋರ್ಟ ಬೇಕು. ರಿಪೋರ್ಟ ಬರದ್ರ ಬೋರ್ಡ ಹೋತು. ಕಾರ್ಯಕ್ರಮ ಮುಗದ ಮರುದಿನಾನ ವಾಲ್ವ್ ಬದಲಿ ಮಾಡೂಣು.”

ಸುಳ್ಳ ಯಾಕ ಹೇಳ್ಲಿ, ಒಂದು ಗಳಿಗೆ ಶುಭಾಂಗಿ ಮನಸ್ಸು ಜಾರಿತು. ಶಾಲು ನೋಡಾಕ ಅವ್ವ ಹೊಸ ಸೀರಿ ತಗದಿಟ್ಟಿದ್ದಳು. ಎರಡ ದಿನಾ, ಎರಡ ದಿನದಾಗ ಏನಾಗತೈತಿ? ಹಂಗ ಅನ್ಕೊಂಡಾಗನ ಆ ಸುಲಿದ ಕೈ ಕಣ್ಣಮುಂದ ಬಂತು.

“ಸಾಹೇಬ್ರ, ಎರಡ ದಿನದಾಗ ಆ ವಾಲ್ವ್ ಹಾರಿದ್ರ ಶಾಲು ಯಾರಿಗೆ ಹೊಚ್ಚೂಣ್ರಿ?”

ಉತ್ತರಕ್ಕ ಕಾಯದ ಆಕೀ ಹೊರಗ ನಡದಳು.

ಎರಡರ ಭೋಂಗಾ ಆತು. ಹೋಗಾವ್ರು, ಬರಾವ್ರು, ಎರಡೂ ಪಾಳಿ ಮಂದಿ ಗೇಟಿನ್ಯಾಗ ಕೂಡಿದ್ರು. ಎಲ್ಲಾರ ಮುಂದ ಶುಭಾಂಗಿ ಮುನ್ನೂರಾ ಅರವತ್ಮೂರು ಒರಸಿ, ಖಡು ತಗೊಂಡು ಒಂದು ದೊಡ್ಡ ಸೊನ್ನೆ ಬರದಳು.

ಗದ್ದಲ ಅಂದ್ರ ಗದ್ದಲ! “ಏ, ಏನ ಮಾಡಾಕತ್ತಿಬೇ!” “ಎರಡ ದಿನಾ ಉಳದಿತ್ತಲ್ಲ!” ಅಷ್ಟರಾಗ ಯಾರೋ ಮಲಕಾರಿ ಕೈ ನೋಡಿದ್ರು, ಎಲ್ಲಾರೂ ಅವನ ಕಡೆ ತಿರುಗಿದ್ರು. ಪಾಪ, ಆ ಮನಷ್ಯಾ ತಲಿ ತಗ್ಗಿಸಿದ.

“ಅವರನ್ಯಾಕ ನೋಡ್ತೀರಿ? ನನ್ನ ನೋಡ್ರಿ!” ಶುಭಾಂಗಿ ದನಿ ಏರಿಸಿದಳು. “ತಪ್ಪ ನಂದು. ಕುಕ್ಕರ ತೋರಿಸಿ ನಿಮ್ಮ ಬಾಯಿ ಮುಚ್ಚಿಸಿದಾಕಿ ನಾ. ಬೈಯೂದಿದ್ರ ಬೈರಿ. ಮೂರನೇ ಪ್ಯಾನ್ ಬಂದ್ ಆಗೂತನಕ ನಾ ಇಲ್ಲಿಂದ ಸರಿಯೂದಿಲ್ಲ.”

ಆಗ ಮಂದೀನ ನೂಕ್ಕೊಂತ ದ್ರೌಪದಿ ಮಾವಶಿ ಮುಂದ ಬಂದಳು. ಕಸ ಹೊಡಿಯಾಕಿ. ಕುಕ್ಕರ ಮಗಳ ಮನಿಗೆ ಅಂತ ಯಾವಾಗೋ ಠರಾಯಿಸಿ, ದಿನಾ ಮುಂಜಾನೆ “ಎಷ್ಟಾತವ್ವಾ?” ಅಂತ ಕೇಳಾಕಿ. ಇನ್ನ ಶುಭಾಂಗಿ ಕತಿ ಮುಗೀತು ಅಂತ ಎಲ್ಲಾರೂ ಅನ್ಕೊಂಡ್ರು.

ಮಾವಶಿ ಸೀರಿ ಒಂದು ಗೇಣು ಮ್ಯಾಲೆತ್ತಿ ಕಾಲು ಮುಂದ ಚಾಚಿದಳು. ಹಿಮ್ಮಡದಿಂದ ಮೀನಖಂಡದ ತನಕ ಸುಕ್ಕಗಟ್ಟಿದ ಕಲೆ.

“ಇದು ನಲವತ್ತೊಂದನೇ ದಿನದ್ದು. ಕಾದ ಕಾಕಂಬಿ ಬಿದ್ದಿತ್ತು. ಮರುದಿನಾ ನೀ ನಲವತ್ತೆರಡು ಅಂತ ಬರದಿ. ನಾ ಇದ ಕಾಲಮ್ಯಾಲ ನಿಂತು ಚಪ್ಪಾಳಿ ಹೊಡದೆ.”

ಆಮ್ಯಾಲ ಒಬ್ಬ ಕೈಯಾಗಿನ ಜಜ್ಜಿದ ಬಟ್ಟು ತೋರಿಸಿದ. ಇನ್ನೊಬ್ಬ ಅಂಗಿ ಎತ್ತಿ ಬೆನ್ನು ತೋರಿಸಿದ. ಶುಭಾಂಗಿಗೆ ಕಣ್ಣು ತುಂಬಿ ಬಂದ್ವು. ಆ ಸುಳ್ಳ ಸಂಖ್ಯೆ ಒಂದೊಂದೂ ಆಕೀ ಕೈಯಿಂದಾನ ಬರದಿದ್ದು. ಕಣ್ಣೊರಸ್ಕೊಂಡು, ಸೊನ್ನೆ ಕೆಳಗ ಬರೀಲಿಕ್ಕೆ ನಿಂತಳು: ಮೂರನೇ ಪ್ಯಾನಿನ ವಾಲ್ವ್. ಕಾಕಂಬಿ ಟಾಕಿ. ಗಾಣದ ಹಿಂದಿನ ಮೆಟ್ಟಲ. ಅವರು ಹೇಳಿದಂಗೆಲ್ಲಾ ಬರದಳು, ಬೋರ್ಡ ತುಂಬಿತು.

ಹಿಂದ ನಿಂತು ಓದಾಕತ್ತಿದ್ದ ಭೀಮಗೊಂಡ ಸಾಹೇಬರು ಮೊಬೈಲ್ ತಗದ್ರು. “ಮೂರನೇ ಪ್ಯಾನ್ ಬಂದ್ ಮಾಡ್ರಿ. ನಾಳೆ ಅಲ್ಲ, ಈಗ.”

ಮಲಕಾರಿನ್ನ ತಮ್ಮ ಗಾಡಿಯೊಳಗನ ದವಾಖಾನಿಗೆ ಕಳಿಸಿದ್ರು. ಗಾಡಿ ಗೇಟ ದಾಟೂ ಮುಂದ ಅವಾ ಕಿಡಕಿಯಿಂದ ತಲಿ ಹೊರಗ ಹಾಕಿ ಒದರಿದ: “ಶುಭಾ! ನಾಳೆ ಬಂದಾಕೀನ ಒಂದು ಅಂತ ಬರೀಬ್ಯಾಡ ಮತ್ತ! ಮೊದಲ ಕೇಳು, ಆಮ್ಯಾಲ ಬರಿ!”

ಮರುದಿನಾ ಎಂಟರ ಭೋಂಗಾ ಆತು. ಶುಭಾಂಗಿ ಖಡು ಕಿಸೇದಾಗ ಇಟ್ಕೊಂಡು, ಬೋರ್ಡ ದಾಟಿ, ಕಸ ಹೊಡಿಯಾಕತ್ತಿದ್ದ ದ್ರೌಪದಿ ಮಾವಶಿ ಹತ್ರ ಹೋದಳು.

“ಮಾವಶಿ, ನಿನ್ನೆ ಏನರ ಆತೇನ್ರಿ?”

ಮಾವಶಿ ಕಸಬರಿಗಿ ಗ್ವಾಡಿಗೆ ಆನಿಸಿದಳು. “ಕುಂದ್ರವ್ವಾ,” ಅಂದಳು, “ಹೇಳ್ತೀನಿ.”