ಹನ್ನೊಂದನೆಯವನನ್ನು ಬಿಡಬೇಡಿ

ಕಾಲೇಜಿನ ಫುಟ್‌ಬಾಲ್ ತಂಡವನ್ನು ತಲೆ ನರೆಯುವ ತನಕ ತಿದ್ದಿದ ಮೇಷ್ಟ್ರಿಗೆ ಅದೇ ಕೊನೆಯ ಸೀಸನ್. ಮರೆವು ಬೇರೆ ಶುರುವಾಗಿತ್ತು. ಮೊದಲ ಪಂದ್ಯದಲ್ಲೇ, ಕಾಲೇಜು ಬಿಟ್ಟು ಎಷ್ಟೋ ಕಾಲವಾದವನ ಹೆಸರು ಹಿಡಿದು, "ಪಾಸ್ ಕೊಡೋ!" ಎಂದು ಕೂಗಿದರು. ಹುಡುಗರು ಮುಖ ಮುಖ ನೋಡಿಕೊಂಡರು.

ಅವರ ಶಿಷ್ಯನಾಗಿ ಆಡಿ, ಈಗ ಅವರಿಗೇ ಸಹಾಯಕನಾಗಿದ್ದ ಕುಳ್ಳನಿಗೆ ವಿಷಯ ಅರ್ಥವಾಯಿತು. ಪ್ರಿನ್ಸಿಪಾಲರಿಗೆ ಗೊತ್ತಾದರೆ ಮೇಷ್ಟ್ರು ಅರ್ಧದಲ್ಲೇ ಮನೆಗೆ. ಅಂದು ಬರಿಗಾಲಲ್ಲಿ ಆಡಲು ಬಂದ ತನಗೆ ತಮ್ಮ ಕಾಲಲ್ಲಿದ್ದ ಬೂಟು ಬಿಚ್ಚಿಕೊಟ್ಟವರು. ಅವರ ಕೈಗೊಂದು ಕಪ್ ಕೊಟ್ಟು ಕಳಿಸದಿದ್ದರೆ ತಾನೆಂಥ ಶಿಷ್ಯ? ಹುಡುಗರನ್ನು ಗುಟ್ಟಾಗಿ ಕರೆದು ಹೇಳಿದ: "ನಾನು ಸರ್ ಹಿಂದೆ ನಿಂತಿರ್ತೀನಿ. ಟೋಪಿ ಮುಟ್ಕೊಂಡ್ರೆ, ಅವರು ಹೇಳಿದ್ದು ಮಾಡೋದು ಬೇಡ ಅಂತ. ಬಾಯಿ ಬಿಟ್ಟೀರಾ, ಹುಷಾರ್!"

ಉಪಾಯ ಫಲಿಸಿತು ಅನ್ನಿ. ಮೇಷ್ಟ್ರು ಕೂಗುವುದು, ಕುಳ್ಳ ಟೋಪಿ ಮುಟ್ಟುವುದು, ತಂಡ ಗೆಲ್ಲುವುದು. ಹೀಗೇ ಫೈನಲ್ ತನಕ ಬಂದುಬಿಟ್ಟರು. ಹಾಳಾದ್ದು, ಕುಳ್ಳನ ಕೈಗೂ ಅದೇ ರೂಢಿಯಾಗಿಹೋಯಿತು!

ಫೈನಲ್‌ನಲ್ಲಿ ಎರಡೂ ಕಡೆ ಒಂದೊಂದು ಗೋಲು. ಇನ್ನೇನು ಆಟ ಮುಗಿಯಬೇಕು, ಎದುರಿನವರಿಗೆ ಕಾರ್ನರ್ ಸಿಕ್ಕಿತು. ಮೇಷ್ಟ್ರು ಗಂಟಲು ಹರಿಯುವಂತೆ ಕೂಗಿದರು: "ಹನ್ನೊಂದನೇ ನಂಬರ್‌ನ ಬಿಡಬೇಡ್ರೋ!"

ಎದುರು ತಂಡದ ಆ ಹನ್ನೊಂದನೆಯವನೋ, ಕುಂಟುತ್ತ ದೂರದಲ್ಲಿ ನಿಂತಿದ್ದ. ಅಯ್ಯೋ, ಮತ್ತೆ ಯಾವುದೋ ಹಳೇ ಮ್ಯಾಚಿಗೆ ಹೋದರಲ್ಲ ಎಂದುಕೊಂಡು ಕುಳ್ಳ ಟೋಪಿ ಮುಟ್ಟಿದ. ಹನ್ನೊಂದನೆಯವನನ್ನು ತಡೆಯಲು ಹೊರಟಿದ್ದ ಹುಡುಗ ಅಲ್ಲೇ ನಿಂತ. ಚೆಂಡು ಹಾರಿ ಬಂತು. ಕುಂಟುವ ನಾಟಕ ಆಡುತ್ತಿದ್ದ ಆ ಹನ್ನೊಂದನೆಯವನು ಓಡಿ ಬಂದು, ಕೇಳುವವರೇ ಇಲ್ಲದಂತೆ ತಲೆಯಲ್ಲಿ ಗುದ್ದಿ ಗೋಲು ಹೊಡೆದ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಹುಡುಗರೆಲ್ಲ ಅಳುತ್ತ ಬಸ್ ಹತ್ತಿದರು. ಬಟ್ಟೆ ಬದಲಿಸುವ ಕೋಣೆಯಲ್ಲಿ ಮೇಷ್ಟ್ರು ಕುಳ್ಳನನ್ನು ಪಕ್ಕದಲ್ಲಿ ಕೂರಿಸಿಕೊಂಡರು.

"ನೀನು ಟೋಪಿ ಮುಟ್ಕೊಳ್ಳೋದು ನಂಗೆ ಗೊತ್ತಿತ್ತು ಕಣೋ. ನನ್ನ ತಲೆ ಮೇಲೆ ನಂಗೇ ನಂಬಿಕೆ ಇರ್ಲಿಲ್ಲ, ಅದಕ್ಕೇ ಸುಮ್ಮನಿದ್ದೆ. ಒಂದು ನಿಜ ಹೇಳು. ಆ ಹನ್ನೊಂದನೆಯವನು ಇವತ್ತಿನ ಮ್ಯಾಚಲ್ಲಿ ಇದ್ನಾ, ಇಲ್ಲಾ ನನ್ನ ತಲೇಲಿ ಇದ್ನಾ?"

ಗೋಲು ಹೊಡೆದವನು ಯಾರೆಂಬುದು ಆಗಲೇ ಅವರಿಗೆ ಮರೆತಿತ್ತು. ಒಂದು ಸುಳ್ಳು ಹೇಳಿದ್ದರೆ ಕುಳ್ಳ ಬಚಾವ್.

"ಇದ್ದ ಸರ್. ಅವನೇ ಗೋಲು ಹೊಡೆದ. ನೀವು ಸರಿಯಾಗೇ ಹೇಳಿದ್ರಿ. ನಾನೇ ಕೆಡಿಸಿಬಿಟ್ಟೆ."

"ನಾನು ಸರಿಯಾಗಿ ಹೇಳಿದ್ನಾ?" ಕಪ್ ಗೆದ್ದವರಂತೆ ಮೇಷ್ಟ್ರ ಮುಖ ಅರಳಿತು. ಕುಳ್ಳನ ಬೆನ್ನು ತಟ್ಟಿದರು. ಕುಳ್ಳನಿಗೆ ಅಳು ತಡೆಯಲಾಗಲಿಲ್ಲ.

ಬೂಟಿನ ದಾರ ಬಿಚ್ಚುತ್ತಿದ್ದ ಮೇಷ್ಟ್ರು ತಲೆಯೆತ್ತಿದರು. "ಕುಳ್ಳ, ಆ ಹನ್ನೊಂದನೆಯವನು... ನಿಜವಾಗ್ಲೂ ಇದ್ನೇನೋ?"

ಕುಳ್ಳ ಕಣ್ಣೊರೆಸಿಕೊಂಡು, ಮತ್ತೆ ಮೊದಲಿನಿಂದ ಹೇಳಿದ.