ಬಂಡೆ ಒಪ್ಪಿಸಿದ ಮಗ್ಗಿ

ಶಾಲೆಯ ಹಿಂದಿರುವುದು ಬಂಡೆಯಲ್ಲ, ಮಂಡಿ ಮಡಚಿ ಕೂತ ರಾಕಾಸಿ ಎಂದು ಅನಿತಳಿಗೆ ಹೇಳಿದ್ದು ಅವಳ ಅಜ್ಜಿ ವೆಂಕಟರತ್ನಮ್ಮ. ಯಾವುದೋ ಕಾಲದಲ್ಲಿ ಈ ರಾಕಾಸಿ ಊರಿನ ಮಕ್ಕಳನ್ನು ತಿನ್ನಲು ಬಂದಳಂತೆ. ಹೆದರಿದ ಮಕ್ಕಳು ಬಾಯಿಗೆ ಬಂದ ಮಗ್ಗಿಯನ್ನೇ ಗಟ್ಟಿಯಾಗಿ ಕೂಗಿದರಂತೆ. ಅದರ ರುಚಿ ಹತ್ತಿ, ದಿನಾ ಸಂಜೆ ಇಷ್ಟು ಕೊಟ್ಟರೆ ಸಾಕು, ನಿಮ್ಮನ್ನು ಮುಟ್ಟುವುದಿಲ್ಲ ಎಂದು ಅಲ್ಲೇ ಕೂತುಬಿಟ್ಟಳಂತೆ.

"ಗಟ್ಟಿ ಕಾಳಾದ್ರೆ ವಾಪಸ್ ಕೊಡ್ತಾಳೆ ಕಣೇ, ಜೊಳ್ಳಾದ್ರೆ ನುಂಗ್ಬಿಡ್ತಾಳೆ," ಎನ್ನುತ್ತಿದ್ದಳು ಅಜ್ಜಿ, ಮೊರದಲ್ಲಿ ರಾಗಿ ಕೇರುತ್ತಾ.

"ಒಂದಿನ ಸಂಜೆ ಏನೂ ಸಿಗ್ಲಿಲ್ಲ ಅಂದ್ರೆ ಅಜ್ಜಿ?"

ಅಜ್ಜಿ ಮೊರ ನಿಲ್ಲಿಸುತ್ತಿದ್ದಳು. "ಆವಾಗ ಎದ್ದು ಬರ್ತಾಳೆ."

ದೇವರಾಯಸಮುದ್ರದ ಕೆರೆಯ ಆಚೆಗಿರುವ ಆ ಸಣ್ಣ ಹಳ್ಳಿಯ ಶಾಲೆಗೆ ಎಷ್ಟೋ ಮೇಷ್ಟರು ಬಂದರು, ಹೋದರು. ರಜಾದಿನವೂ ಬಿಡದೆ ಸಂಜೆ ನಾಲ್ಕಕ್ಕೆ ಮಕ್ಕಳು ಬಂಡೆಯ ಕಡೆಗೆ ಮುಖ ಮಾಡಿ ನಿಂತು ಮಗ್ಗಿ ಕೂಗುವ ಪದ್ಧತಿಯನ್ನು ಮಾತ್ರ ಯಾರೂ ಬಿಡಿಸಲಿಲ್ಲ. ಬಂಡೆ ತಿರುಗಿ ಒಪ್ಪಿಸಿದ ಮೇಲೆಯೇ ಶಾಲೆ ಬಿಡುವುದು. ಅನಿತ ಕೂಡ ಹಾಗೇ ಕೂಗಿದವಳು. ಏಳನೇ ಮಗ್ಗಿಯಲ್ಲಿ ಅವಳದೊಂದು ತಪ್ಪು ಕೊನೆಯವರೆಗೂ ಹೋಗಲಿಲ್ಲ. ಎಲ್ಲರೂ ಐವತ್ತಾರು ಎಂದರೆ ಅವಳೊಬ್ಬಳು ಐವತ್ನಾಲ್ಕು ಎನ್ನುವಳು. ಅದಕ್ಕಾಗಿ ತಿಂದ ಏಟಿನ ಉರಿ ಈಗಲೂ ಅಂಗೈಯಲ್ಲಿ ಎಲ್ಲೋ ಇತ್ತು.

ಹುಟ್ಟಿದೂರಿನಲ್ಲೇ ಸೋದರಮಾವನ ಮಗ ನಂದೀಶನನ್ನು ಮದುವೆಯಾಗಿ, ಶಾಲೆಯ ಕಾಂಪೌಂಡಿಗೆ ತಾಗಿದ ಮನೆಯಲ್ಲಿ ರೇಷ್ಮೆಹುಳು ಸಾಕಿಕೊಂಡಿದ್ದಳು. ಆ ದಿನ ಸಂಜೆ ಹುಳುಗಳಿಗೆ ಹಿಪ್ಪುನೇರಳೆ ಸೊಪ್ಪು ಹರಡುತ್ತಿದ್ದಳು. ಸಾವಿರಾರು ಸಣ್ಣ ಬಾಯಿಗಳು ಎಲೆ ಮೇಯುವ ಸದ್ದು ಸೋನೆಮಳೆಯಂತೆ ತುಂಬಿತ್ತು. ಹೊರಗೆ ಮಕ್ಕಳು ಏಳನೇ ಮಗ್ಗಿ ಕೂಗಿದರು. ಈಗ ಶಾಲೆಯಲ್ಲಿದ್ದದ್ದು ಆರೇ ಮಕ್ಕಳು. ತೆಳ್ಳನೆಯ ಕೂಗು.

ಬಂಡೆ ತಿರುಗಿ ಕೊಟ್ಟಿತು. ಅದು ತೆಳ್ಳಗಿರಲಿಲ್ಲ.

ಅರವತ್ತೋ ಎಂಬತ್ತೋ ಮಕ್ಕಳ ಒಕ್ಕೊರಲು ಸೂರಿನ ಶೀಟನ್ನು ನಡುಗಿಸಿತು. ಹುಳುಗಳು ಮೇಯುವುದನ್ನು ನಿಲ್ಲಿಸಿದವು. ಏಳೆಂಟ್ಲ ಐವತ್ತಾರು ಎನ್ನುವ ಅಷ್ಟೂ ದನಿಗಳ ಮಧ್ಯೆ, ಒಂದು ಹುಡುಗಿಯ ದನಿ ಸ್ಪಷ್ಟವಾಗಿ ಹೇಳಿತು: "ಐವತ್ನಾಲ್ಕು."

ಅನಿತಳ ಕೈಯಿಂದ ಸೊಪ್ಪು ಜಾರಿತು. ಓಡಿಹೋಗಿ ಕಾಂಪೌಂಡಿನ ಮೇಲಿಂದ ಇಣುಕಿದಳು. ಮಕ್ಕಳ ಹಿಂದೆ ಶಾಲೆಯ ಟೀಚರು ಶೋಭಾರಾಣಿ ಮೇಡಂ ಬಿಳಿಚಿಕೊಂಡು ನಿಂತಿದ್ದರು.

"ಮೇಡಂ, ಇವತ್ತು ಎಷ್ಟು ಜನ ಬಂದಿದ್ರು?"

"ಐದೇ ಜನ. ಮುನಿಯಲ್ಲಮ್ಮನ ಮೊಮ್ಮಗಳಿಗೆ ಜ್ವರ." ಮೇಡಂ ದನಿ ಇಳಿಸಿದರು. "ಮೂರು ದಿನದಿಂದ ದನಿ ಹೆಚ್ತಾ ಬಂತು, ಇವತ್ತು ಹಿಂಗೆ ಅನಿತ. ಶಾಲೆ ಮುಚ್ಚೋ ಕಾಗದ ಬಂದಾಗಿನಿಂದ. ನಾಳೆ ಮೀಟಿಂಗು. ಹೈವೇ ಆಚೆ ಇರೋ ಶಾಲೆಗೆ ಸೇರಿಸ್ತಾರಂತೆ. ನಾಡಿದ್ದಿನಿಂದ ಇಲ್ಲಿ ಬೀಗ."

ನಾಡಿದ್ದು ಸಂಜೆ ಬಂಡೆಗೆ ಯಾರೂ ಏನನ್ನೂ ಕೊಡುವುದಿಲ್ಲ. ಅನಿತ ತಲೆಯೆತ್ತಿ ನೋಡಿದಳು. ಬಂಡೆಯ ನೆರಳು ದಿನಾ ಅಡುಗೆಕೋಣೆಯ ತನಕ ಬಂದು ನಿಲ್ಲುತ್ತಿತ್ತು. ಇವತ್ತು ಧ್ವಜದ ಕಟ್ಟೆಯನ್ನು ಮುಟ್ಟಿತ್ತು.

ಮಾರನೆಯ ದಿನ ಮೂರು ಗಂಟೆಗೆ ಊರಿನವರು ಹೊಂಗೆಮರದ ಕೆಳಗೆ ಸೇರಿದರು. ಶಾಲಾ ಸಮಿತಿಯ ಅಧ್ಯಕ್ಷ ಕೋದಂಡರಾಮಪ್ಪ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಆಗಲೇ ಪೆನ್ನಿನ ಕ್ಯಾಪು ತೆಗೆದಿದ್ದ. ಶಿಕ್ಷಣ ಇಲಾಖೆಯ ಕಚೇರಿಯಿಂದ ಬಂದಿದ್ದ ವೇಣುಗೋಪಾಲ್ ಎಂಬ ಸಣಕಲು ಮನುಷ್ಯ ಕಾಗದ ಓದಿ ಮುಗಿಸಿ, "ಹತ್ತು ಮಕ್ಕಳೂ ಇಲ್ವಲ್ಲಪ್ಪಾ, ನಾವಾದ್ರೂ ಏನ್ ಮಾಡೋಣ?" ಎಂದ. ಅವನ ದನಿಯಲ್ಲಿ ನಿಜವಾಗಿಯೂ ಬೇಸರವಿತ್ತು.

"ಮುಚ್ಲಿ ಬಿಡಿ ಸಾರ್," ಎಂದ ಕೋದಂಡರಾಮಪ್ಪ. "ನಾನೂ ಇಲ್ಲೇ ಓದ್ದೋನು. ಹದಿಮೂರನೇ ಮಗ್ಗಿ ದಾಟ್ಲಿಲ್ಲ. ಏನ್ ಕಮ್ಮಿ ಆಗಿದೆ ನನಗೆ?" ಜನ ನಕ್ಕರು. "ಈ ಜಾಗದಲ್ಲಿ ಒಂದು ಸಮುದಾಯ ಭವನ ಆದ್ರೆ ಊರಿಗೇ ಒಳ್ಳೇದು."

"ನನ್ನ ಮೊಮ್ಮಗಳು ಆ ಹೈವೇನ ಹೆಂಗ್ ದಾಟ್ತಾಳೆ ಸಾಮಿ?" ಎಂದಳು ಮುನಿಯಲ್ಲಮ್ಮ, ಹಿಂದಿನಿಂದ. "ನಾನು ಕೂಲಿಗೆ ಹೋಗೋದಾ, ಅವಳ ಕೈ ಹಿಡ್ಕೊಂಡು ರೋಡ್ ದಾಟ್ಸೋದಾ? ಹೆಣ್ಣುಮಗು, ಮನೇಲೇ ಕೂರುತ್ತೆ ಅಷ್ಟೇ."

ಅವಳ ಮಾತು ಮುಗಿಯುವಷ್ಟರಲ್ಲಿ ಬಂಡೆ ಹೇಳಿತು: ಅಷ್ಟೇ... ಅಷ್ಟೇ...

ಯಾರೂ ಅತ್ತ ತಿರುಗಲಿಲ್ಲ. ಅನಿತ ಎದ್ದು ನಿಂತಳು. ನಂದೀಶ ಸೆರಗು ಜಗ್ಗಿದ. "ಸುಮ್ನೆ ಕೂತ್ಕೊಳ್ಳೇ." ಅವಳು ಕೂರಲಿಲ್ಲ. ಬೆಳಗಿನಿಂದ ಮನಸ್ಸಿನಲ್ಲೇ ಪೋಣಿಸಿಕೊಂಡಿದ್ದ ಮಾತುಗಳನ್ನು ಗಟ್ಟಿಯಾಗಿ ಹೇಳಿದಳು: "ಸರ್ಕಾರಿ ಶಾಲೆ ಅಂದ್ರೆ ಊರಿನ ಕಣ್ಣು. ಬಡವರ ಮಕ್ಕಳ ದೀಪ. ಇದನ್ನ ನಾವೆಲ್ಲಾ ಸೇರಿ ಉಳಿಸ್ಕೋಬೇಕು!"

ಹೇಳಿ, ಕಿವಿಗೊಟ್ಟು ನಿಂತಳು.

ಬಂಡೆಯಿಂದ ಏನೂ ಬರಲಿಲ್ಲ. ಕೂಗಿದ ಮಾತು ಹಾಳುಬಾವಿಗೆ ಬಿದ್ದಂತೆ ಹೋಯಿತು. ನೀರು ಮುಟ್ಟಿದ ಸದ್ದೂ ಇಲ್ಲ. ಜೊಳ್ಳು, ಎಂದು ಕಿವಿಯ ಹತ್ತಿರವೇ ಅಜ್ಜಿ ಅಂದಂತಾಯಿತು.

ಕೋದಂಡರಾಮಪ್ಪ ಮೀಸೆಯಲ್ಲೇ ನಕ್ಕ. "ಚೆನ್ನಾಗ್ ಮಾತಾಡ್ತೀಯ ಕಣಮ್ಮ. ನಿನ್ನ ಮಗಳು ಎಲ್ಲಿ ಓದ್ತಾವಳೆ?"

ಯಾರೋ ಕಿಸಕ್ಕನೆ ನಕ್ಕರು. ಅನಿತಳ ಮುಖ ಸುಟ್ಟಿತು. ಬೆಳಿಗ್ಗೆ ಏಳಕ್ಕೆ ಹಳದಿ ವ್ಯಾನು ಬಂದು ಊರಿನ ಇಪ್ಪತ್ತು ಮಕ್ಕಳನ್ನು ತುಂಬಿಕೊಂಡು ಮುಳಬಾಗಿಲಿನ ಕಾನ್ವೆಂಟಿಗೆ ಹೋಗುತ್ತದೆ. ಅವರಲ್ಲಿ ಅವಳ ಮೇಘನಳೂ ಒಬ್ಬಳು. ಎಲ್ಲರೂ ಕಳಿಸಿದರೆಂದು ಅವಳೂ ಕಳಿಸಿದ್ದಳು. ವ್ಯಾನು ಹೋದ ಮೇಲೆ ಹಗಲೆಲ್ಲಾ ಊರಿನಲ್ಲಿ ಮಕ್ಕಳ ಸದ್ದೇ ಇರುತ್ತಿರಲಿಲ್ಲ. ಅದು ತನ್ನನ್ನು ಹೆದರಿಸುತ್ತಿತ್ತು ಎಂದು ಅವಳಿಗೆ ಈಗ ಹೊಳೆಯಿತು.

"ನಿಂದೇ ಮಗು ಇಲ್ಲಿಲ್ಲ. ಇನ್ಯಾರಿಗಮ್ಮಾ ಶಾಲೆ?" ಎಂದು ಕೋದಂಡರಾಮಪ್ಪ ಕಾಗದ ಎಳೆದುಕೊಂಡ.

ಆಗಲೇ ರಸ್ತೆಯಲ್ಲಿ ವ್ಯಾನಿನ ಹಾರ್ನು ಕೇಳಿತು. ಪರೀಕ್ಷೆಯ ದಿನ, ಬೇಗ ಬಂದಿತ್ತು. ಮಕ್ಕಳು ನಿದ್ದೆಗಣ್ಣಿನಲ್ಲಿ, ಕೆನ್ನೆಯ ಮೇಲೆ ಸೀಟಿನ ಗೆರೆ ಮೂಡಿಸಿಕೊಂಡು ಇಳಿದರು. ಮೇಘನ ಅಮ್ಮನನ್ನು ನೋಡಿ ಗೇಟಿನ ತನಕ ಬಂದವಳು ಒಳಗೆ ಕಾಲಿಡದೆ ನಿಂತಳು.

"ಅಮ್ಮಾ, ಆ ಅಜ್ಜಿ ಯಾಕೆ ಏಳ್ತಾ ಇದಾಳೆ?" ಎಂದು ಕೇಳಿದಳು, ಬಂಡೆಯ ಕಡೆ ಬೆರಳು ತೋರಿಸಿ.

ಆ ಕಥೆಯನ್ನು ಅನಿತ ಮಗಳಿಗೆ ಹೇಳಿಯೇ ಇರಲಿಲ್ಲ. ನೆರಳು ಹೊಂಗೆಮರವನ್ನು ದಾಟಿ ಕುರ್ಚಿಯ ಕಾಲಿಗೆ ಬಂದಿತ್ತು. ಜನ ಚಳಿ ಹತ್ತಿದಂತೆ ಒಬ್ಬೊಬ್ಬರಾಗಿ ಸೆರಗು, ಟವಲು ಹೊದ್ದುಕೊಂಡರು.

ಅನಿತ ಮಗಳ ಕೈ ಹಿಡಿದು ಒಳಗೆ ಕರೆತಂದಳು. ಗಂಡನ ಮುಖ ನೋಡಿದಳು. ನಂದೀಶ ಬಂಡೆಯ ಕಡೆ ಒಮ್ಮೆ ನೋಡಿ, ಮಗಳ ಬ್ಯಾಗನ್ನು ತನ್ನ ಕೈಗೆ ತೆಗೆದುಕೊಂಡ.

"ಮೇಡಂ," ಎಂದಳು ಅವಳು. ಈ ಸಲ ಕೂಗಲಿಲ್ಲ. "ನನ್ನ ಮಗಳ ಹೆಸರು ಬರ್ಕೊಳ್ಳಿ. ನಾಳೆಯಿಂದ ಇಲ್ಲೇ ಬರ್ತಾಳೆ. ಮುನಿಯಲ್ಲಮ್ಮನ ಮೊಮ್ಮಗಳ ಪಕ್ಕದಲ್ಲಿ ಕೂರ್ಸಿ."

ಬಂಡೆ ಆ ಮೆಲುದನಿಯನ್ನು ಇಡಿಯಾಗಿ, ಒಂದಕ್ಷರ ಬಿಡದೆ, ತಿರುಗಿ ಕೊಟ್ಟಿತು. ಆದರೆ ಅನಿತಳ ದನಿಯಲ್ಲಲ್ಲ. ನೂರಾರು ಮಕ್ಕಳ ದನಿಯಲ್ಲಿ. "ಇಲ್ಲೇ ಬರ್ತಾಳೆ... ಪಕ್ಕದಲ್ಲಿ ಕೂರ್ಸಿ..." ವೇಣುಗೋಪಾಲನ ಕೈಯಿಂದ ಫೈಲು ಕೆಳಗೆ ಬಿತ್ತು.

ಶೋಭಾರಾಣಿ ಮೇಡಂ ಗಡಿಯಾರ ನೋಡಿಕೊಂಡರು. ನಾಲ್ಕು ಗಂಟೆ. "ಮಕ್ಕಳೇ, ನಿಂತ್ಕೊಳ್ಳಿ," ಎಂದರು. "ಹದಿಮೂರನೇದು."

ಐವರು ಸಾಲಾಗಿ ನಿಂತರು. ಮೇಘನ ಕೊನೆಯಲ್ಲಿ ಸೇರಿಕೊಂಡಳು. ಕೂಗಿ ಮುಗಿಸಿದರು. ಬಂಡೆ ಶುರುಮಾಡಿತು. ಹದಿಮೂರೊಂದ್ಲ ಹದಿಮೂರು, ಹದಿಮೂರೆರಡ್ಲ ಇಪ್ಪತ್ತಾರು... ಒಂದೊಂದು ಸಾಲಿಗೂ ದನಿಗಳು ಉದುರುತ್ತಾ ಬಂದವು. ಅಲ್ಲಲ್ಲಿ ಕೂತ ಹೆಂಗಸರು, ಗಂಡಸರು ಒಬ್ಬೊಬ್ಬರಾಗಿ ತಮ್ಮದೇ ಎಳೆಯ ದನಿ ಕೇಳಿ ಬೆಚ್ಚಿ ಗಂಟಲು ಮುಟ್ಟಿ ನೋಡಿಕೊಂಡರು. ಕೊನೆಗೆ ಉಳಿದದ್ದು ಒಬ್ಬ ಹುಡುಗನ ದನಿ, ಸ್ವಲ್ಪ ಮೂಗಿನದು.

"ಹದಿಮೂರೇಳ್ಲ..." ಎಂದಿತು. ನಿಂತಿತು.

"ಹದಿಮೂರೇಳ್ಲ..." ಮತ್ತೆ ಅಂದಿತು, ಅಳು ಬರುವವನಂತೆ.

ಕೋದಂಡರಾಮಪ್ಪನ ಮುಖದಲ್ಲಿ ರಕ್ತವಿರಲಿಲ್ಲ. ನೆರಳು ಅವನ ಮೊಣಕಾಲು ಏರಿತ್ತು. ಇಡೀ ಊರು ಅವನನ್ನೇ ನೋಡುತ್ತಿತ್ತು. ಅವನ ಮೊಮ್ಮಗಳು, ವ್ಯಾನಿನಿಂದ ಇಳಿದವಳು, ಗೇಟಿನಲ್ಲಿ ನಿಂತು ಮೇಘನಳ ಪಕ್ಕದ ಖಾಲಿ ಜಾಗವನ್ನು ನೋಡುತ್ತಿದ್ದಳು.

"ಹದಿಮೂರೇಳ್ಲ..."

"ತೊಂಬತ್ತೊಂದು," ಎಂದ ಕೋದಂಡರಾಮಪ್ಪ, ಪಿಸುಮಾತಿನಲ್ಲಿ. ಪೆನ್ನಿಗೆ ಕ್ಯಾಪು ಹಾಕಿದ.

ಬಂಡೆ ಅದನ್ನು ತಿರುಗಿ ಕೊಡಲಿಲ್ಲ. ಕಾಯುತ್ತಿತ್ತು.

ಬರೀ ಮಾತು ಸಾಲದೆಂದು ಅವನಿಗೆ ಗೊತ್ತಾಯಿತು. ಅನಿತಳಿಗೂ. ಮುದುಕ ಕುರ್ಚಿಯ ಕೈ ಹಿಡಿದು ಎದ್ದು, ಗೇಟಿನತ್ತ ತಿರುಗಿ ಮೊಮ್ಮಗಳನ್ನು ಕರೆದ.

"ಬಾರಮ್ಮ. ಬಂದು ಈ ಸಾಲಲ್ಲಿ ನಿಂತ್ಕೋ."