ಏಳನೇ ಪೈಪು

ಶವಾಗಾರದ ಬಾಗಿಲಲ್ಲಿ ಲಕ್ಷ್ಮೀಪತಿ ಕೈ ಚಾಚಿಯೇ ಬಿಟ್ಟ. ಹೂವು ಹಿಡಿದ ಕೈಯಲ್ಲ, ಇನ್ನೊಂದು.

"ಶರಣ್, ಆ ಕೀ ಕೊಡಿ. ಅಮ್ಮ ಹೋದ್ರು, ಖಲಾಸ್. ಇನ್ನು ಟ್ಯಾಂಕ್ ಚಿಂತೆ ನಿಮಗ್ಯಾಕೆ?"

ಈ ಲಕ್ಷ್ಮೀಪತಿ ಮೈಸೂರಿನವ. ದೋಹಾದ ಅಲ್ ಸದ್ದ್‌ನ ಆರು ಮಾಳಿಗೆ ಬಿಲ್ಡಿಂಗ್ ನೋಡ್ಕೊಳ್ಳುವವ. ಅವನ ತಲೆಯ ಎಣ್ಣೆಯಲ್ಲಿ ಒಂದು ಮದುವೆಯ ಹಪ್ಪಳ ಕರಿಯಬಹುದು. ಶರಣ್ ಕೈಯಲ್ಲಿ ಆಸ್ಪತ್ರೆಯವರು ಕೊಟ್ಟ ಪ್ಲಾಸ್ಟಿಕ್ ಚೀಲ. ಅದರಲ್ಲಿ ತಾಯಿ ಪೂವಕ್ಕನ ಕನ್ನಡಕ, ಎರಡು ಬಳೆ, ಕಪ್ಪು ದಾರದ ಬೀಗದಕೈ.

ಮೊನ್ನೆ ಬೆಳಿಗ್ಗೆ ಟೆರೇಸಿನ ನೀರಿನ ಟ್ಯಾಂಕಿಗೆ ಬೀಗ ಹಾಕಿ ಇಳಿಯುವಾಗ ಮೆಟ್ಟಿಲ ಮೇಲೆ ಕೂತ ಪೂವಕ್ಕ ಮತ್ತೆ ಏಳಲಿಲ್ಲ. ಅಂದಿನಿಂದ ಬಿಲ್ಡಿಂಗಲ್ಲಿ ಯಾರೂ ಮಿಂದಿಲ್ಲ. ಊದುಬತ್ತಿ ಹಚ್ಚಿದ್ದು ಸತ್ತವಳಿಗಲ್ಲ, ಬದುಕಿದ್ದವರಿಗೆ. ಬೀಗ ಒಡೆಯೋಣ ಅಂದವನಿಗೆ ಎರಡನೇ ಮಾಳಿಗೆಯ ಹವ್ವಮ್ಮ ಪೊರಕೆ ತೋರಿಸಿದ್ದರು. "ಪೂವಕ್ಕ ಊರಿಗೆ ಹೊರಡ್ಲಿ ಮೊದ್ಲು!"

ಲಕ್ಷ್ಮೀಪತಿ ಮೊಬೈಲಿಗೆ ಪಿಸುಗುಟ್ಟಿದ. "ಐದು ಕಾರಿಗೂ ಸೋಪ್ ಹಾಕ್ರೋ. ಅರ್ಧ ಗಂಟೇಲಿ ನೀರು ಬಿಡಿಸ್ತೀನಿ."

ಪಕ್ಕದಲ್ಲೇ ನಿಂತ ಪೂವಕ್ಕನ ಸೊಸೆ ನಿಶ್ಮಿತಾಳಿಗೆ ಅದು ಕೇಳಿಸಿತು.

*

ಎರಡು ವರ್ಷ ಹಿಂದೆ ಪೂವಕ್ಕ ಊರಿಂದ ಮಗನ ಮನೆಗೆ ಬಂದಾಗ ದೋಹಾದಲ್ಲಿ ಮಲಗಿ ಎದ್ದರೆ ಹತ್ತು ಬಿಲ್ಡಿಂಗ್ ಹುಟ್ಟುತ್ತಿತ್ತು. ಪೈಪು ಮಾತ್ರ ಹಳೇದೇ. ಇಪ್ಪತ್ತನಾಲ್ಕು ಮನೆಯಲ್ಲಿ ಅರವತ್ತು ಸಂಸಾರ, ದಿನಕ್ಕೊಂದು ಟ್ಯಾಂಕರ್. ಕೆಳಗಿನವರಿಗೆ ನೀರು, ಮೇಲಿನವರಿಗೆ ಗಾಳಿ.

ಪೂವಕ್ಕ ಸೊಂಟ ಹಿಡ್ಕೊಂಡು ಟೆರೇಸ್ ಹತ್ತಿದರು. ಆರು ಮಾಳಿಗೆಗೆ ಏಳು ಪೈಪು!

"ಏಳನೇದು ಯಾರಿಗೆ ಮಾರಾಯಾ? ಯಮನಿಗಾ?"

ಹಿತ್ತಲಲ್ಲಿ ಲಕ್ಷ್ಮೀಪತಿಯ ಕಾರ್ ವಾಶ್ ಇತ್ತು, ಅದಕ್ಕೆ. ಮರುದಿನವೇ ವಾಲ್ವಿನ ಪೆಟ್ಟಿಗೆಗೆ ಬೀಗ ಬಿತ್ತು, ಬೀಗದಕೈ ಪೂವಕ್ಕನ ಕತ್ತಿಗೆ ಬಿತ್ತು. ಅವನು ಹಾರಾಡಿದ.

"ಪೊಲೀಸ್ ಕರಿ," ಅಂದರು ಪೂವಕ್ಕ. "ಕಾರಿಗೆ ಬಾಯಾರಿಕೆ ಆಗಿದೆ ಅಂತ ಹೇಳು."

ಮಾಳಿಗೆಗೆ ಇಪ್ಪತ್ತು ನಿಮಿಷ ನೀರು. ತಮ್ಮ ಆರನೇ ಮಾಳಿಗೆ ಕೊನೆಗೆ. ಪೇಂಟ್ ಡಬ್ಬ ಕವುಚಿ ಹಾಕಿ, ಕೊಡೆ ಬಿಡಿಸಿ ಮಹಾರಾಣಿಯ ಹಾಗೆ ಕೂರುವುದು.

ಒಂದು ದಿನ ನಿಶ್ಮಿತಾ ತಲೆತುಂಬ ಶಾಂಪೂ ನೊರೆ ಹೊತ್ತು ಟೆರೇಸಿಗೆ ಓಡಿ ಬಂದಳು. "ಅತ್ತೆ! ನಾನು ನಿಮ್ಮ ಸೊಸೆ!"

"ಗೊತ್ತುಂಟು. ನಿನ್ನ ಇಪ್ಪತ್ತು ನಿಮಿಷ ಮುಗೀತು. ಬಟ್ಟೆಯಲ್ಲಿ ಒರೆಸು."

ಮೂರು ವಾರ ಅತ್ತೆ ಸೊಸೆ ಒಬ್ಬರನ್ನೊಬ್ಬರು ಬಿಟ್ಟು ಗೋಡೆಯ ಜೊತೆ ಮಾತಾಡಿದರು.

*

ಶವಾಗಾರದಲ್ಲಿ ಒಬ್ಬೊಬ್ಬರೇ ಪೂವಕ್ಕನ ಬಾಯಿಗೆ ತುಳಸಿ ನೀರು ಬಿಟ್ಟರು. ಪೆಟ್ಟಿಗೆ ಮುಚ್ಚಿತು. ತಾಯಿಯ ಜೊತೆ ಶರಣ್ ಕೂಡ ವಿಮಾನ ಹತ್ತಬೇಕು.

"ಇನ್ನು ಎಲ್ಲರೂ ಹೋಗಿ ಮೀಯ್ಬೇಕಲ್ಲಾ?" ಅಂದರು ಹವ್ವಮ್ಮ.

"ಮತ್ತೆ? ಹೆಣ ನೋಡಿ ಮೀಯದೆ ಮನೆ ಒಳಗೆ ಹೋಗ್ಲಿಕ್ಕುಂಟಾ? ಒಟ್ಟಿಗೇ ಅರವತ್ತು ಸಂಸಾರ!" ಅಂದರು ಪಕ್ಕದಲ್ಲಿದ್ದವರು.

"ಅದಕ್ಕೇ ಹೇಳ್ತಿರೋದು," ಲಕ್ಷ್ಮೀಪತಿ ಹತ್ತಿರ ಬಂದ. "ಕೀ ಕೊಡಿ ಶರಣ್. ಮನೆ ಅಗ್ರಿಮೆಂಟ್ ರಿನ್ಯೂ ಆಗ್ಬೇಕಲ್ವಾ?"

ಶರಣ್ ಬೆರಳು ಚೀಲದೊಳಗೆ ಹೋಯಿತು. ನಿಶ್ಮಿತಾ ಚೀಲವನ್ನೇ ಕಿತ್ತುಕೊಂಡಳು. ಕಪ್ಪು ದಾರ ತನ್ನ ಕತ್ತಿಗೆ ಹಾಕಿದಳು.

"ಯಾರ ಪರ್ಮಿಷನ್ನು?" ಅಂದ ಲಕ್ಷ್ಮೀಪತಿ.

"ಅತ್ತೆಯದ್ದು. ಅಲ್ಲೇ ಪೆಟ್ಟಿಗೆಯಲ್ಲಿದ್ದಾರೆ, ಕೇಳಿ ಬನ್ನಿ."

"ಮುಂದಿನ ತಿಂಗಳು ಮನೆ ಖಾಲಿ ಮಾಡಿಸ್ತೀನಿ!"

"ಮಾಡಿಸಿ."

"ಎರಡನೇ ಮಾಳಿಗೆಯನ್ನೂ ಬರ್ಕೊಳ್ಳಿ," ಅಂದರು ಹವ್ವಮ್ಮ.

"ನಾಲ್ಕನೇದೂ," ಅಂದ ಇಗ್ನೇಶಿಯಸ್. ಅವನು ಹುಟ್ಟಿದ ಮೇಲೆ ಗಟ್ಟಿಯಾಗಿ ಮಾತಾಡಿದ್ದು ಅದೇ ಮೊದಲು.

*

ನೆತ್ತಿ ಸುಡುವ ಬಿಸಿಲು. ಆರೂ ಮಾಳಿಗೆಯ ಮೆಟ್ಟಿಲಲ್ಲಿ ಜನ ಟವೆಲ್ ಹೊದ್ದು, ಬಾಗಿಲ ಹೊರಗೆ ಕೂತಿದ್ದರು. ಟ್ಯಾಂಕ್ ಅರ್ಧವೇ ಇತ್ತು. ನಿಶ್ಮಿತಾ ಟೆರೇಸಿನಲ್ಲಿ ಪೇಂಟ್ ಡಬ್ಬದ ಮೇಲೆ ಕೂತು ಕೂಗಿದಳು. "ಒಂದನೇ ಮಾಳಿಗೆ, ಹತ್ತೇ ನಿಮಿಷ!"

ಎರಡು, ಮೂರು, ನಾಲ್ಕು, ಐದು. ಆರನೇದರ ಸರದಿ ಬರುವಾಗ ಕೆಳಗಿನಿಂದ ಲಕ್ಷ್ಮೀಪತಿಯ ಕೂಗು ಬಂತು. "ರೀ! ಐದೇ ನಿಮಿಷ ಬಿಡ್ರೀ!"

ನಿಶ್ಮಿತಾ ಕಟ್ಟೆಗೆ ಒರಗಿ ಬಗ್ಗಿದಳು. ಅವಳ ತಲೆಗೆ ಇನ್ನೂ ಒಂದು ತಂಬಿಗೆ ನೀರು ಬಿದ್ದಿರಲಿಲ್ಲ.

"ಬಟ್ಟೆಯಲ್ಲಿ ಒರೆಸಿ!"

ಹಿತ್ತಲಲ್ಲಿ ಐದು ಕಾರು ಸಾಲಾಗಿ ನಿಂತಿದ್ದವು. ಗಾಜಿನ ಮೇಲೆ ಸೋಪಿನ ನೊರೆ ಒಣಗಿ, ಬೆಳ್ಳಗೆ ಬಿರಿಯುತ್ತಿತ್ತು.